ಯಾರೂ ಹೊರದ ಗೋಡು

“ಇದು ನಮ್ಮ ಕೆರಿ ಗೋಡು ಅಲ್ಲೇ ಅಲ್ರೀ ಸಾಹೇಬ್ರ.”

ಅಷ್ಟು ಹೇಳಿ ಬೂದೆಪ್ಪ ನಕ್ಕುಬಿಟ್ಟ. ಕೊಲೆ ಆರೋಪ ಹೊತ್ತು ಲಾಕಪ್ಪಿನ ಸರಳುಗಳ ಆಚೆ ಕುಕ್ಕರುಗಾಲಲ್ಲಿ ಕೂತವನು, ಎಂಟು ದಿನದಿಂದ ಬಿಸಿಲು ಕಾಣದ ಕುರಿಗಾರ, ಸರ್ಕಲ್ ಇನ್ಸ್‌ಪೆಕ್ಟರ್ ಸೈಫುದ್ದೀನನ ಮುಖ ನೋಡಿಕೊಂಡೇ ನಕ್ಕ.

ಸೈಫುದ್ದೀನನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕೊಳವೆ ಇತ್ತು. ಗಾಜಿನಂತೆ ಒಳಗಿನದೆಲ್ಲ ಕಾಣುವಂಥದ್ದು. ಮೊಳದುದ್ದ, ಮಣಿಕಟ್ಟಿನಷ್ಟು ದಪ್ಪ. ಒಳಗೆ ಬಾಯಿತನಕ ಗೋಡು, ನೀರಿನ ತಳದ ಕೆಸರು.

“ನಗೋದೇನಲೇ ಅದರಾಗ?”

“ನಗದ ಏನು ಮಾಡ್ಲಿ? ಇದು ಬಿಳಿಕಲ್ಲು ಕೆರಿ ಮಣ್ಣು ಅಂತ ಯಾರು ಹೇಳ್ಯಾರ್ರಿ ನಿಮಗ?”

ಹೇಳಿದವರು ಯಾರೂ ಇಲ್ಲ. ಸೈಫುದ್ದೀನನೇ ಹಾಗೆಂದುಕೊಂಡಿದ್ದ. ರಾಯಚೂರಿನಲ್ಲಿ ಹುಟ್ಟಿ, ದೂರದ ಕರಾವಳಿಯಲ್ಲಿ ಸಮುದ್ರದ ಕೆಸರು ಪರೀಕ್ಷೆ ಮಾಡುವ ಕೆಲಸಕ್ಕೆ ಹೋಗಿದ್ದ ಡಾಕ್ಟರ್ ಮಹಮ್ಮದ್ ಹುಸೇನನ ಹೆಣ, ಹೋದ ಶುಕ್ರವಾರ ಬೆಳಿಗ್ಗೆ ಹಿರೇಕೊಟ್ನೆಕಲ್ ಆಚೆಯ ಬಿಳಿಕಲ್ಲು ಕೆರೆಯಲ್ಲಿ ತೇಲಿತ್ತು. ತಲೆಯ ಹಿಂದೆ ಪೆಟ್ಟು. ಬುಧವಾರ ಸಂಜೆ ಸತ್ತಿದ್ದಾನೆಂದು ವೈದ್ಯರು ಬರೆದುಕೊಟ್ಟಿದ್ದರು. ಅದರ ಹಿಂದಿನ ದಿನ, ಮಂಗಳವಾರ, ಅದೇ ಕೆರೆಯ ದಂಡೆಯ ಮೇಲೆ ಬೂದೆಪ್ಪ ಅವನ ಮೇಲೆ ಕೋಲೆತ್ತಿದ್ದ. “ಮತ್ತ ಬಂದ್ರ ಇಲ್ಲೇ ಮುಳುಗಸ್ತೀನಿ” ಎಂದು ಕೂಗಿದ್ದನ್ನು ಹತ್ತು ಜನ ಕೇಳಿದ್ದರು.

ಬೂದೆಪ್ಪನನ್ನು ಹಿಡಿದು ತಂದು ಮಾನ್ವಿಯ ಲಾಕಪ್ಪಿಗೆ ಹಾಕಿದವನು ಸೈಫುದ್ದೀನನೇ. ಸೋಮವಾರ ರಾಯಚೂರಿನ ಕೋರ್ಟಿಗೆ ಆರೋಪಪಟ್ಟಿ ಹೋಗಬೇಕು. ಅದು ಹೋದರೆ ಈ ಮನುಷ್ಯ ಮತ್ತೆ ತನ್ನ ಕುರಿ ಕಾಣುವುದು ಯಾವಾಗಲೋ.

ಇವತ್ತು ಶನಿವಾರ.

“ಹೇಳು. ಯಾಕ ಅಲ್ಲ?”

ಬೂದೆಪ್ಪ ಸರಳಿನ ನಡುವೆ ಕೈ ತೂರಿಸಿ ಕೊಳವೆಗೆ ಬೆರಳು ಮುಟ್ಟಿಸಿದ. “ಬ್ಯಾಸಗಿ ಬಂತಂದ್ರ ನಮ್ಮೂರ ಬಂಡಿ ಎಲ್ಲಾ ಕೆರ್ಯಾಗ ಇರ್ತಾವ್ರಿ. ನೀರು ಹಿಂದ ಸರದಂಗ ತಳದ ಗೋಡು ಹೊರೋದು, ಹೊಲಕ್ಕ ಹೊಡಿಯೋದು. ವರ್ಷಾ ವರ್ಷಾ ಕೆರಿ ಹೊಟ್ಟಿ ಕೆದರಿ ಹಾಕ್ತೀವಿ. ಇದ್ರಾಗ ನೋಡ್ರಿ, ರೊಟ್ಟಿ ಮ್ಯಾಲ ರೊಟ್ಟಿ ಒಟ್ಟಿದಂಗ ಗೆರಿ ಗೆರಿ ಅದ. ಎಷ್ಟೋ ವರ್ಷದಿಂದ ಇದಕ್ಕ ಯಾರೂ ಸಲಿಕಿ ಹಾಕಿಲ್ಲ. ನಮ್ಮ ಕೆರ್ಯಾಗ ಗೆರಿ ಹೆಂಗ ಉಳಿತಾವ?”

ಸೈಫುದ್ದೀನ್ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ನಿಜ. ಕಂದು ಪದರ, ಅದರ ಕೆಳಗೆ ಬೂದು, ಮತ್ತೆ ಕಂದು. ಮೇಲಿನಿಂದ ನಾಲ್ಕು ಬೆರಳು ಕೆಳಗೆ ಎರಡು ಬೆರಳಗಲದ ಕಪ್ಪು ಪಟ್ಟಿ. ಕತ್ತರಿಸಿ ಇಟ್ಟಷ್ಟು ನೇರವಾದ ಗೆರೆಗಳು. ಎಂಟು ದಿನ ಇದೇ ಕೊಳವೆ ತನ್ನ ಮೇಜಿನ ಮೇಲಿತ್ತು. ತಾನು ರಾಯಚೂರಿನ ಓಣಿಯಲ್ಲಿ ಬೆಳೆದವನು. ಕೆರೆಯ ಗೋಡು ಹೊತ್ತು ಗೊತ್ತಿದ್ದರೆ ಮೊದಲ ದಿನವೇ ಕಾಣುತ್ತಿತ್ತು.

“ಇದ ಮಾತು ಆ ಡಾಕ್ಟರಗೂ ಹೇಳಿದ್ದೆ” ಎಂದ ಬೂದೆಪ್ಪ.

“ಯಾವಾಗ?”

“ಜಗಳ ಆದ ಮ್ಯಾಲ. ನನಗೇನು ಗೊತ್ರಿ? ಕೆರಿ ತಳಕ್ಕ ಕೊಳವಿ ಇಳಿಸಾಕತ್ತಾನ, ತೂತು ಬಿದ್ದು ನೀರೆಲ್ಲಾ ಇಂಗಿ ಹೋಗ್ತದ ಅಂತ ಕೋಲು ಎತ್ತಿದೆ. ಅವನ ಒಂದು ಕೊಳವಿನೂ ಒಡದೆ. ಆಮ್ಯಾಲ ಅಂವ ಕುಂದ್ರಿಸಿಕೊಂಡು ತಿಳಿಸಿ ಹೇಳಿದ. ಗೆರಿ ಬೇಕಂತ ಅವನಿಗೆ. ಯಾವ ವರ್ಷ ಏನು ಕೂತದ ಅಂತ ಗೆರಿ ನೋಡಿ ಹೇಳ್ತಾನಂತ. ನಾ ಅಂದೆ, ಹುಚ್ಚಪ್ಪಾ, ಗೋಡು ಹೊರೋ ಕೆರ್ಯಾಗ ಗೆರಿ ಹುಡುಕಾಕತ್ತೀಯಲ್ಲ! ಹಣಿ ಬಡ್ಕೊಂಡು ನಕ್ಕ. ಇಬ್ರೂ ಬೀಡಿ ಸೇದಿದ್ವಿ.”

“ಬೀಡಿ ಸೇದಿದ್ರಿ!” ಸೈಫುದ್ದೀನನ ದನಿ ಏರಿತು. “ಎಂಟು ದಿನದಾಗ ಇದನ್ನ ಒಂದಿನ ಆದ್ರೂ ಬಾಯಿ ಬಿಟ್ಟು ಹೇಳಬಾರದೇನಲೇ?”

“ಕೋಲು ಎತ್ತಿದಿ ಇಲ್ಲೋ ಅಂತ ಕೇಳಿದ್ರಿ. ಎತ್ತೀನ್ರಿ ಅಂದೆ. ಮುಂದ ಹೇಳಾಕ ಹೋದ್ರ ಬಾಯಿ ಮುಚ್ಚು ಅಂದ್ರಿ.” ಬೂದೆಪ್ಪ ಶಾಂತವಾಗಿ ಹೇಳಿದ. “ಮುಚ್ಚೀನಿ.”

ಪಕ್ಕದಲ್ಲಿ ನಿಂತಿದ್ದ ಜೀಪಿನ ಡ್ರೈವರ್ ಖಾಜಾ ಗೋಡೆಯ ಕಡೆ ಮುಖ ತಿರುಗಿಸಿದ. ಮೂವತ್ತು ವರ್ಷ ಪೊಲೀಸ್ ಜೀಪು ಓಡಿಸಿದವನು. ಎಲ್ಲಿ ಕಿವುಡನಾಗಬೇಕೆಂದು ಬಲ್ಲ.

“ಮುಂದ?” ಸೈಫುದ್ದೀನ್ ಹಲ್ಲು ಕಚ್ಚಿ ಕೇಳಿದ.

“ಯಾರೂ ಗೋಡು ಹೊರದ ಜಾಗಾ ಎಲ್ಲರ ಅದ ಏನು ಅಂತ ಕೇಳಿದ. ನಾನೇ ಹೇಳಿದೆ. ದೇವದುರ್ಗದ ಕಡಿ, ಜಾಲಹಳ್ಳಿ ಆಚಿಗೆ ಅಮ್ಮನ ಹೊಂಡ ಅಂತ ಅದ. ನಮ್ಮ ಅಜ್ಜನ ಕಾಲದಾಗ ಕಾಲರಾ ಬಂದಾಗ ಬ್ಯಾನಿ ದೇವಿ ಅಂತ ಅಮ್ಮನ್ನ ಆ ಹೊಂಡಕ್ಕ ಬಿಟ್ಟು ಬಂದಾರ. ಆ ಮಣ್ಣು ಹೊಲಕ್ಕ ತಂದ್ರ ಬ್ಯಾನಿ ಹಿಂದ ಬರ್ತದಂತ. ಯಾರೂ ಮುಟ್ಟಂಗಿಲ್ಲ.” ಅವನು ಸರಳು ಬಿಟ್ಟು ಹಿಂದೆ ಸರಿದು ಕೂತ. ಈಗ ನಗು ಇರಲಿಲ್ಲ. “ನಾನೇ ಕಳಿಸಿದ್ನಲ್ರೀ ಅವನ್ನ.”

ಸೈಫುದ್ದೀನ್ ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿದ.

“ಬೂದೆಪ್ಪ. ಸೋಮವಾರದೊಳಗ ನಿನ್ನ ಬಿಡಸ್ತೀನಿ. ಹಾಕಿದಾಂವ ನಾನೇ, ತಗೆಯಾಂವನೂ ನಾನೇ.”

“ಮೊದಲ ನನ್ನ ಕುರಿ ಯಾರು ನೋಡಾಕತ್ತಾರ ಅಷ್ಟು ಕೇಳಿ ಹೇಳ್ರಿ ಸಾಹೇಬ್ರ.”

*

ರಾಯಚೂರಿನ ಅಂದ್ರೂನ್ ಕಿಲ್ಲಾದ ಓಣಿಯಲ್ಲಿ ಮಹಮ್ಮದ್ ಹುಸೇನನ ಮನೆ. ತಾಯಿ ಅನ್ವರಿ ಬೇಗಂ ಅಂಗಳದಲ್ಲಿ ಕೆಂಡದ ಮುಂದೆ ಕೂತು ಅರಗಿನ ಬಳೆ ಮಾಡುತ್ತಿದ್ದಳು. ಹಸಿರು ಅರಗು. ಕೆಂಡಕ್ಕೆ ಹಿಡಿದು ಮೆತ್ತಗೆ ಮಾಡಿ, ಹಲಗೆಯ ಮೇಲೆ ಹೊಸೆದು, ಬಳೆಗೆ ಸುತ್ತುವ ಕೈ ಒಮ್ಮೆಯೂ ನಿಲ್ಲಲಿಲ್ಲ.

“ಆವ್ ಬೇಟಾ, ಬೈಠೋ” ಎಂದಳು, ತಲೆ ಎತ್ತದೆ. “ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ. ಅದಕ್ಕೇ ಕೂತಿದ್ದೇನೆ. ಜನ ಏನಾದರೂ ಅನ್ನಲಿ.”

“ಯಾರೂ ಏನೂ ಅನ್ನೋದಿಲ್ಲ ಖಾಲಾ.”

ಒಳಗಿನಿಂದ ಮಗಳು ಶಹಜಾದಿ ಬೇಗಂ ಬಂದಳು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬಳೆ ಮಾಡುವವರ ಮನೆಯ ಹುಡುಗಿಯ ಎರಡೂ ಕೈ ಬರಿದು. ಬಲಗೈ ಹೆಬ್ಬೆರಳಿನ ಮೇಲೆ ಸುಟ್ಟ ಗಾಯವೊಂದು ಒಣಗುತ್ತಿತ್ತು. ಅಣ್ಣನ ಪೆಟ್ಟಿಗೆಯನ್ನು ಪೊಲೀಸರಿಗೆ ತಂದು ಒಪ್ಪಿಸಿದವಳು ಅವಳೇ.

ಆ ಪೆಟ್ಟಿಗೆಯಲ್ಲಿದ್ದ, ಒಂದರಿಂದ ಮೂರರ ತನಕ ಕೆಂಪು ಅಂಕಿ ಬರೆದ ಮೂರು ಕೊಳವೆಗಳನ್ನೂ ಸೈಫುದ್ದೀನ್ ಸಾಲಾಗಿ ಕಟ್ಟೆಯ ಮೇಲಿಟ್ಟ. “ಬಾಜಿ, ಇವು ಏನು ಅಂತ ನನಗೆ ಚಿಕ್ಕ ಮಕ್ಕಳಿಗೆ ಹೇಳಿದಂಗೆ ಹೇಳ್ರಿ. ಎಂಟು ದಿನ ಕೇಳದೆ ತಪ್ಪು ಮಾಡೀನಿ.”

ಅವಳು ಮೊದಲನೆಯದನ್ನು ಎತ್ತಿಕೊಂಡಳು. “ಇದು ಸಮುದ್ರದ ತಳದ್ದು. ಕೃಷ್ಣಾ ಹೋಗಿ ಸೇರೋ ಕಡೆ. ಕೆಳಗೆ ನೋಡ್ರಿ, ಬೂದು ಬಣ್ಣ, ಸಣ್ಣ ಸಣ್ಣ ಚಿಪ್ಪು. ಹುಳಹುಪ್ಪಟಿ ಬದುಕಿದ್ದ ಮಣ್ಣು. ಮೇಲಿನದು ಕರ್ರಗೆ, ನಾರತದ. ಚಿಪ್ಪೇ ಇಲ್ಲ.”

“ಯಾಕ?”

“ಗೊಬ್ಬರ. ನಾವು ಹೊಲಕ್ಕೆ ಎರಚೋ ಯೂರಿಯಾದಾಗ ಇರೋದು ಸಾರಜನಕ. ಬೆಳೆ ಕುಡಿಯೋದು ಸ್ವಲ್ಪ. ಉಳಿದದ್ದು ಹಳ್ಳ, ಹಳ್ಳದಿಂದ ಹೊಳಿ, ಹೊಳಿಯಿಂದ ಸಮುದ್ರ. ಅಲ್ಲಿ ಪಾಚಿ ಉಕ್ಕಿ ಬೆಳೆದು, ಸತ್ತು ತಳಕ್ಕೆ ಕೂತು ಕೊಳೀತದ. ಕೊಳೆಯೋವಾಗ ನೀರಿನ ಉಸಿರೆಲ್ಲ ತಿಂದುಬಿಡ್ತದ. ವರ್ಷಕ್ಕೊಂದು ಪದರ ಹಂಗೇ ಉಳೀತದ, ಯಾರೂ ಒರೆಸಿಹಾಕೋಕೆ ಆಗೋದಿಲ್ಲ.” ಅವಳು ಕೊಳವೆಯನ್ನು ಮೆಲ್ಲಗೆ ಕೆಳಗಿಟ್ಟಳು. “ನಮ್ಮ ಅಬ್ಬಾ ಮಾನ್ವಿ ಕಡೆ ಹತ್ತಿ ಹೊಲಕ್ಕೆ ಎರಚಿದ್ದು ಸಮುದ್ರದಾಗ ಕೂತದ ಅಂತಿದ್ದ ಭಾಯಿಜಾನ್. ಹೆಂಗೆ ಹೋಯ್ತು ಅಂತ ಹಿಂದಕ್ಕೆ ಹುಡುಕ್ಕೊಂತ ಊರಿಗೆ ಬಂದ. ರಜೆ ಹಾಕಿ, ತನ್ನ ಖರ್ಚಿನಾಗ. ಎರಡನೇದು ಶಕ್ತಿನಗರದ ಹತ್ತಿರ ಕೃಷ್ಣಾ ದಂಡೀದು.”

“ಮೂರನೇದು?”

“ಎಲ್ಲೀದು ಅಂತ ಹೇಳಲಿಲ್ಲ. ಬುಧವಾರ ಮಧ್ಯಾಹ್ನ ಬಂದ, ಅದನ್ನ ಕೊಟ್ಟ, ಎರಡು ತುತ್ತು ಉಂಡು ಮತ್ತ ಹೊರಟ. ಮಾನ್ವಿಗೆ ಅಂದ. ತಿರುಗಿ ಬರಲಿಲ್ಲ.”

ಸೈಫುದ್ದೀನ್ ಮುಚ್ಚಳಗಳನ್ನು ನೋಡಿದ. ಮೊದಲ ಎರಡಕ್ಕೆ ಬಿಳಿ ಮೇಣದ ಬೆಸುಗೆ. ಮೂರನೆಯದಕ್ಕೆ ಹಸಿರು ಅರಗು.

“ಮೇಣ ತೀರಿತ್ತು” ಎಂದಳು ಅವಳು, ಅವನು ಕೇಳುವ ಮೊದಲೇ. “ಅಮ್ಮೀದು ಅರಗು ಕಾಸಿ ನಾನೇ ಮುಚ್ಚಿದೆ. ಗಾಳಿ ಹೋದರೆ ಮಣ್ಣು ಕೆಡ್ತದ.”

“ಒಟ್ಟು ಎಷ್ಟು ಕೊಳವೆ ತಂದಿದ್ದ?”

“ಮೂರು.” ಹೆಬ್ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು. “ಮೂರೇ.”

ಚಾಕುವನ್ನು ಕೆಂಡದಲ್ಲಿ ಕಾಸಿ ಮೂರನೆಯ ಕೊಳವೆಯ ಅರಗು ಬಿಡಿಸಿದಳು. ಕೆಸರನ್ನು ಹಲಗೆಯ ಮೇಲೆ ಮೆಲ್ಲಗೆ ಜಾರಿಸಿದಾಗ ಗೆರೆಗಳು ಅಲುಗಲಿಲ್ಲ. ಕಪ್ಪು ಪಟ್ಟಿಯಿಂದ ಒಂದು ಚಮಚ ಮಣ್ಣು ತೆಗೆದು ಚಹಾದ ಬಸಿಗೆ ಹಾಕಿದಳು.

“ಸುಣ್ಣ ಬೇಕು.”

ಖಾಜಾ ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದ. ಒಂದು ಕಡೆ ತಂಬಾಕು, ಇನ್ನೊಂದು ಕಡೆ ಸುಣ್ಣ. “ಸರ್ಕಾರಿ ಕೆಲಸಕ್ಕೆ ನನ್ನ ಸುಣ್ಣ” ಎಂದು ಗೊಣಗಿ ಕೊಟ್ಟ.

ಅವಳು ಸುಣ್ಣ ಬೆರೆಸಿ, ಎರಡು ಹನಿ ನೀರು ಬಿಟ್ಟು ಕಲಸಿ, ಬಸಿಯನ್ನು ಕೆಂಡದ ಹತ್ತಿರ ಇಟ್ಟಳು. ಖಾಜಾ ಬಾಗಿ ಮೂಸಿದ. ಬಾಗಿದಷ್ಟೇ ವೇಗದಲ್ಲಿ ಹಿಂದಕ್ಕೆ ಹಾರಿದ. ಕಣ್ಣಲ್ಲಿ ನೀರು.

“ತೋಬಾ! ನಮ್ಮಪ್ಪನ ಟಾಂಗಾ ಕುದುರಿ ಲಾಯ ಇದ್ದಂಗ ಅದ ಸಾಬ್! ನಾಕು ದಿನ ಕಸ ಹೊಡೀದ ಲಾಯ!”

“ಅಮೋನಿಯಾ” ಎಂದಳು ಶಹಜಾದಿ. “ಯೂರಿಯಾ ಕೊಳೆತು ಹಂಗಾಗೋದು. ಸುಣ್ಣ ಹಾಕಿದ್ರೆ ಎದ್ದು ಬರ್ತದ. ಮೇಲಿನ ಪದರದಾಗ ಇಷ್ಟಿಲ್ಲ, ಕೆಳಗಿನದರಾಗ ಇಲ್ಲವೇ ಇಲ್ಲ. ಹೊಲದಿಂದ ಹರಿದು ಬಂದದ್ದಾಗಿದ್ದರೆ ಎಲ್ಲಾ ಪದರದಾಗೂ ಸ್ವಲ್ಪ ಸ್ವಲ್ಪ ಇರಬೇಕಿತ್ತು. ಇದು ಹರಿದು ಬಂದದ್ದಲ್ಲ. ಒಂದೇ ಸಲಕ್ಕೆ ಯಾರೋ ಸುರಿದದ್ದು.”

ಸೈಫುದ್ದೀನ್ ಬಾಗಿ ನೋಡಿದ. ಕಪ್ಪು ಪಟ್ಟಿಯಲ್ಲಿ ಏನೋ ಬೆಳ್ಳಗೆ ಹೊಳೆಯಿತು. ಉಗುರಿನಿಂದ ಎಳೆದ. ಬೆರಳುದ್ದದ ಪ್ಲಾಸ್ಟಿಕ್ ಎಳೆ. ಗೊಬ್ಬರದ ಚೀಲ ನೇಯುವ ಎಳೆ.

“ಮೇಲೆ ನಾಕು ಬೆರಳು ಅಂದ್ರ ಎಷ್ಟು ವರ್ಷ?”

“ಸಣ್ಣ ಹೊಂಡ ಆದರೆ ಎರಡು ಮಳೆಗಾಲ.” ಅವಳು ಹಲಗೆಯ ಮೇಲೆ ಬಟ್ಟೆ ಮುಚ್ಚಿದಳು. “ಅದರ ಸುತ್ತ ಕುಡಿಯೋ ನೀರಿನ ಬಾವಿ ಇದ್ದರೆ ಮೊದಲು ಅದನ್ನ ನೋಡ್ರಿ. ದೊಡ್ಡವರಿಗೆ ಏನೂ ಗೊತ್ತಾಗೋದಿಲ್ಲ. ಹಸುಗೂಸಿನ ರಕ್ತಕ್ಕೆ ಉಸಿರು ಹಿಡಿಯೋ ಶಕ್ತಿ ಹೋಗ್ತದ. ಮೈ ನೀಲಿಯಾಗಿ ಸಾಯ್ತಾವ.”

“ಸಣ್ಣ ಹೊಂಡ ಅಂತ ನಿಮಗ ಹೆಂಗ ಗೊತ್ತು?”

“ಕೆರೆ ಆಗಿದ್ದರೆ ಪದರ ಇಷ್ಟು ಸಣ್ಣಗಿರಲ್ಲ.” ಉತ್ತರ ತಕ್ಷಣ ಬಂತು. ಸರಿಯಾಗಿಯೂ ಇತ್ತು.

“ಜಾಲಹಳ್ಳಿ ಕಡೆ ಅಮ್ಮನ ಹೊಂಡ ಅಂತ ಅದ. ಕೇಳೀರೇನು?”

“ಜಾಲಹಳ್ಳಿ ಯಾವ ದಿಕ್ಕಿಗದ ಅಂತಲೂ ಗೊತ್ತಿಲ್ಲ ನನಗ.”

ಅನ್ವರಿ ಬೇಗಂಳ ಕೈಯಲ್ಲಿದ್ದ ಬಳೆ ಒಂದು ಕ್ಷಣ ನಿಂತಿತು. ಮತ್ತೆ ತಿರುಗಿತು.

*

ಭಾನುವಾರ ಬೆಳಿಗ್ಗೆ ಎಂಟಕ್ಕೆ ಜೀಪು ದೇವದುರ್ಗ ದಾಟಿ ಜಾಲಹಳ್ಳಿಯ ದಾರಿ ಹಿಡಿದಿತ್ತು. ಊರಿನಾಚೆ, ತಗ್ಗಿನಲ್ಲಿ ಅಮ್ಮನ ಹೊಂಡ. ಅದರ ಮೇಲ್ಗಡೆ ತಗಡಿನ ಮಾಡಿನ ದೊಡ್ಡ ಗೋದಾಮು. ಕೆಳಗಡೆ, ನೂರು ಹೆಜ್ಜೆಯಲ್ಲಿ, ಕಲ್ಲು ಕಟ್ಟಿದ ಬಾವಿ.

ಸೈಫುದ್ದೀನ್ ಜೀಪಿನಿಂದ ಜಿಗಿದೇ ಇಳಿದ. ಹೊಂಡದೊಳಗೆ ಟ್ರಾಕ್ಟರ್ ನಿಂತಿತ್ತು. ಆರು ಜನ ಆಳು ಸಲಿಕೆ ಹಿಡಿದು ಕರಿ ಕೆಸರು ತೋಡಿ ಟ್ರೈಲರಿಗೆ ಒಗೆಯುತ್ತಿದ್ದರು. ಅರ್ಧ ಹೊಂಡ ಆಗಲೇ ಬರಿದು.

ಯಾರೂ ಮುಟ್ಟದ ಗೋಡನ್ನು ಯಾರೋ ಹೊರುತ್ತಿದ್ದರು.

“ನಿಲ್ಲಸ್ರಲೇ!”

ಆಳುಗಳು ನಿಂತರು. ಊರಿನ ಆಳುಗಳಲ್ಲ, ಬೇರೆ ಎಲ್ಲಿಂದಲೋ ತಂದವರು. ಊರವರು ದೂರದಲ್ಲಿ ಗುಂಪಾಗಿ ನಿಂತು ನೋಡುತ್ತಿದ್ದರು. ಒಬ್ಬ ಮುದುಕಿ ಮಾತ್ರ ಹೊಂಡದ ದಂಡೆಗೇ ಬಂದು, ಎಲೆ ಅಡಿಕೆಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಟ್ರಾಕ್ಟರಿನ ನೆರಳಿನಿಂದ ಬಿಳಿ ಅಂಗಿಯ ದಪ್ಪ ಮನುಷ್ಯನೊಬ್ಬ ಕೊಡೆ ಹಿಡಿದು ಬಂದ. ದೇವದುರ್ಗದ ಗೊಬ್ಬರದ ವ್ಯಾಪಾರಿ ಗಡಿಗೆಪ್ಪ. ಗೋದಾಮು ಅವನದೇ.

“ಬರ್ರಿ ಸಾಹೇಬ್ರ, ಬರ್ರಿ! ಇಷ್ಟು ದೂರ? ಹೇಳಿದ್ರ ಚಾ ಮಾಡಿಸ್ತಿದ್ದೆ.”

“ಏನು ಮಾಡಾಕತ್ತೀರಿ ಇದು?”

“ಧರ್ಮದ ಕೆಲಸ್ರಿ. ಹೂಳು ತಗಸಾಕತ್ತೀನಿ. ದನಕ್ಕ ನೀರಾಗ್ತದ. ಪಂಚಾಯ್ತಿ ಕಾಗದ ಅದ.”

“ಮಣ್ಣು ಎಲ್ಲಿಗೆ?”

“ನನ್ನ ಹೊಲಕ್ಕ.”

ದಂಡೆಯ ಮುದುಕಿ ಗಟ್ಟಿಯಾಗಿ ನಕ್ಕಳು. “ನಲವತ್ತು ವರ್ಷ ಯಾರೂ ಹೊರದ ಗೋಡು! ಬಂಡಿಗಟ್ಟಲೆ ಗೊಬ್ಬರ ಮಾರೋ ಸಾವ್ಕಾರಗ ಈ ಗೋಡು ಕಮ್ಮಿ ಬಿದ್ದದ ನೋಡ್ರಿ.”

“ಬಾಯಿ ಮುಚ್ಚು ಬೇ ಬಂಡೆಮ್ಮ” ಎಂದ ಗಡಿಗೆಪ್ಪ, ನಗುತ್ತಲೇ. “ಊರಿನ ಸೂಲಗಿತ್ತಿ ಸಾಹೇಬ್ರ. ವಯಸ್ಸಾಗ್ಯದ.”

ಸೈಫುದ್ದೀನ್ ಮುದುಕಿಯ ಪಕ್ಕ ಹೋಗಿ ಮಣ್ಣಿನ ಮೇಲೆಯೇ ಕೂತ. ಗಡಿಗೆಪ್ಪನ ನಗು ಸ್ವಲ್ಪ ಸಡಿಲವಾಯಿತು.

“ಯವ್ವಾ, ಈ ಎರಡು ವರ್ಷದಾಗ ಊರಾಗ ಕೂಸು ಹೋಗ್ಯಾವೇನು?”

ಬಂಡೆಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. “ಮೂರು, ಯಪ್ಪಾ. ಮೂರೂ ನಾನೇ ಹೆರಿಗಿ ಮಾಡಿಸಿದ್ದು. ತುಟಿ ನೀಲಿ, ಉಗುರು ನೀಲಿ. ಎದಿ ಹಾಲು ಕುಡಿದ ಕೂಸು ಚಲೋ ಅದಾವ. ತಾಯಿಗೆ ಹಾಲು ಬರದ ಆಕಳ ಹಾಲಿಗೆ ಈ ಬಾವಿ ನೀರು ಬೆರಸಿ ಕುಡಿಸಿದ್ರಲ್ಲ, ಅವೇ ಹೋದ್ವು. ನೀರು ಕಾಸಿ ಆರಿಸಿ ಕುಡಿಸಿದ್ರೂ ಹೋದ್ವು. ಅಮ್ಮನ ಸಿಟ್ಟು ಅಂದ್ರು.” ಅವಳು ಹೊಂಡದ ಕಡೆ ಉಗುಳಿದಳು. “ಅಮ್ಮ ಕೂಸಿನ ಹಾಲಿಗೆ ಕೈ ಹಾಕಂಗಿಲ್ಲ.”

“ಈಗ ಯಾರ ಮನ್ಯಾಗ ಹಸುಗೂಸು ಅದ?”

“ಭೀಮವ್ವನ ಮನ್ಯಾಗ. ಇಪ್ಪತ್ತು ದಿನದ್ದು.”

“ಇವತ್ತಿನಿಂದ ಆ ಕೂಸಿಗೆ ಈ ಬಾವಿ ನೀರು ಒಂದು ಹನಿ ಕೊಡಬ್ಯಾಡ್ರಿ. ಯಾರಿಗೂ ಬ್ಯಾಡ. ನಾ ಹೇಳೀನಿ ಅಂತ ಡಂಗುರ ಹೊಡಸ್ರಿ.” ಅವನು ಎದ್ದ. “ಯವ್ವಾ, ನಿನ್ನ ಸುಣ್ಣದ ಡಬ್ಬಿ ಕೊಡು.”

ಹೊಂಡಕ್ಕಿಳಿದು ತೋಡಿದ ಗೋಡೆಯ ಕಪ್ಪು ಪಟ್ಟಿಯಿಂದ ಒಂದು ಹಿಡಿ ಕೆಸರು ಕಿತ್ತು ತಂದ. ಬಿಸಿಲಿಗೆ ಕಾದ ಬಂಡೆಯ ಮೇಲಿಟ್ಟು, ಡಬ್ಬಿಯ ಮುಚ್ಚಳ ತೆಗೆದ. ಬಿಳಿ ಸುಣ್ಣ ಕಾಣುತ್ತಲೇ ಗಡಿಗೆಪ್ಪ ಹೆಗಲ ಟವೆಲನ್ನು ಮೂಗಿಗೆ ಒತ್ತಿದ.

ಸೈಫುದ್ದೀನ್ ಇನ್ನೂ ಸುಣ್ಣ ಬೆರೆಸಿರಲೇ ಇಲ್ಲ.

“ಯಾಕ್ರೀ ಸಾವ್ಕಾರ್ರ? ಇನ್ನಾ ಏನೂ ಆಗಿಲ್ಲಲ್ಲ.”

ಗಡಿಗೆಪ್ಪ ಟವೆಲು ಇಳಿಸಿದ. ತಡವಾಗಿತ್ತು.

“ಗೊಬ್ಬರದ ಗೋದಾಮಿನಾಗ ಸುಣ್ಣ ಇಡಬಾರದು. ನಿಮ್ಮ ಧಂದೆದವರಿಗೆ ಮೊದಲ ದಿನ ಕಲಿಸೋ ಪಾಠ ಅದು. ಅದು ಗೊಬ್ಬರಕ್ಕ. ಹೊಂಡದ ಕೆಸರಿಗೆ ಸುಣ್ಣ ಹಾಕಿದ್ರ ಮೂಗು ಮುಚ್ಚಿಕೋಬೇಕು ಅಂತ ನಿಮಗ ಯಾರು ಹೇಳಿದ್ರು?”

ಈಗ ಬೆರೆಸಿದ. ಗಾಳಿಗೆ ವಾಸನೆ ದಂಡೆಗೆ ಏರಿತು. ಊರವರ ಗುಂಪಿನಲ್ಲಿ ಗುಸುಗುಸು ಎದ್ದಿತು. ಒಬ್ಬ ಹೆಂಗಸು ಸೆರಗು ಬಾಯಿಗೊತ್ತಿ ಅಲ್ಲಿಯೇ ಕೂತುಬಿಟ್ಟಳು.

ಗಡಿಗೆಪ್ಪ ಕೊಡೆ ಮಡಚಿದ. ಜನರನ್ನು ನೋಡಿದ. ದನಿ ತಗ್ಗಿಸಿ ಸೈಫುದ್ದೀನನ ಹತ್ತಿರ ಬಂದ. ನಗು ಪೂರ್ತಿ ಹೋಗಿತ್ತು. ಅದರ ಕೆಳಗಿದ್ದ ಮುಖ ದಣಿದದ್ದು, ಗಟ್ಟಿಯಾದದ್ದು.

“ಸುರಿಸೀನಿ. ಹೌದು. ಎರಡು ವರ್ಷದ ಹಿಂದ ಗೋದಾಮು ಸೋರಿ ಆರುನೂರು ಚೀಲ ಕಲ್ಲಾದ್ವು. ಯಾರು ತಗೋತಾರ? ಇಲ್ಲಿಗೆ ಸುರಿಸಿದೆ. ಯಾರೂ ಮುಟ್ಟದ ಜಾಗಾ ಅಂತ ಸುರಿಸಿದೆ. ಬಾವಿಗೆ ಇಳೀತದ ಅಂತ ನನಗ ಗೊತ್ತಿರ್ಲಿಲ್ಲ. ಅದಕ್ಕ ಏನು ಶಿಕ್ಷಾ ಅದನೋ ಹಾಕ್ರಿ.”

“ಮಹಮ್ಮದ್ ಹುಸೇನ್ ಬಂದು ಹೇಳಿದಾಗ ಗೊತ್ತಾತು. ಬುಧವಾರ.”

“ಬಂದಿದ್ದ. ಬೆಳಿಗ್ಗೆ. ಕಲೆಕ್ಟರ್ ಹತ್ರ ಹೋಗ್ತೀನಿ ಅಂದ. ಬ್ಯಾಡಪ್ಪಾ, ಹೊಂಡದ ಗೋಡು ನಾನೇ ತಗಸ್ತೀನಿ, ಬ್ಯಾರೆ ಬಾವಿ ತೋಡಸ್ತೀನಿ ಅಂದೆ. ಕೇಳಲಿಲ್ಲ. ಎರಡು ಕೊಳವಿ ತುಂಬಿಕೊಂಡು ಹತ್ತರ ಬಸ್ಸಿಗೆ ಹೋದ. ನೂರು ಮಂದಿ ನೋಡ್ಯಾರ. ಆ ಮ್ಯಾಲ ನಾ ಅವನ್ನ ನೋಡಿಲ್ಲ. ಕೊಲಿ ನಾ ಮಾಡಿಲ್ಲ ಸಾಹೇಬ್ರ.”

ಸೈಫುದ್ದೀನ್ ಒಂದು ಹೆಜ್ಜೆ ಮುಂದಿಟ್ಟ. “ಎಷ್ಟು ಕೊಳವಿ ಅಂದ್ರಿ?”

“ಎರಡು. ನನ್ನ ಕಣ್ಣ ಮುಂದ ತುಂಬಿದ.”

ಮೂರು. ಮೂರೇ. ಶಹಜಾದಿ ಹಾಗೆಯೇ ಹೇಳಿದ್ದಳು. ಸಮುದ್ರದ್ದೊಂದು, ಕೃಷ್ಣೆಯದೊಂದು, ಇಲ್ಲಿಯದೊಂದು.

“ಸುಳ್ಳು ಹೇಳಾಕತ್ತೀರಿ.”

“ಬಂಡೆಮ್ಮನ್ನ ಕೇಳ್ರಿ.”

ಬಂಡೆಮ್ಮ ಹೌದೆಂದು ತಲೆಯಾಡಿಸಿದಳು. “ಎರಡು, ಯಪ್ಪಾ. ಬಗಲಾಗ ಒಂದೊಂದು ಹಿಡಕೊಂಡಿದ್ದ.”

ಆಗಲೇ ಹೊಂಡದೊಳಗಿನಿಂದ ಕೂಗು ಬಂತು. “ಸಾವ್ಕಾರ್ರ! ಇಲ್ಲೇನೋ ಅದ!”

ಟ್ರಾಕ್ಟರಿನ ಹಿಂದೆ, ಇನ್ನೂ ತೋಡದ ಮೂಲೆಯಲ್ಲಿ, ಒಬ್ಬ ಆಳು ಸಲಿಕೆ ಬಿಟ್ಟು ಕೈಯಿಂದ ಕೆಸರು ಬಳಿಯುತ್ತಿದ್ದ. ಸೈಫುದ್ದೀನ್ ಮೊಣಕಾಲುದ್ದ ಕೆಸರಿನಲ್ಲಿ ಬೂಟು ಸಮೇತ ಇಳಿದ. ಖಾಜಾ ಹಿಂದೆಯೇ ಬಂದ.

ಪ್ಲಾಸ್ಟಿಕ್ ಕೊಳವೆ. ಮೊಳದುದ್ದ, ಮಣಿಕಟ್ಟಿನಷ್ಟು ದಪ್ಪ. ಕೆಸರು ಒರೆಸಿದಾಗ ಕೆಂಪು ಬಣ್ಣದ ಅಂಕಿ ಕಂಡಿತು. ನಾಲ್ಕು.

ಸೈಫುದ್ದೀನನ ಎದೆ ಹಗುರಾಯಿತು. ಒಂದೇ ಗಳಿಗೆ. ಇದು ಸಾಕು. ಮಹಮ್ಮದ್ ಹುಸೇನ್ ಇಲ್ಲಿಗೆ ಬಂದಿದ್ದ, ಗಡಿಗೆಪ್ಪನ ಜೊತೆ ಮಾತಿಗೆ ಮಾತು ಬೆಳೆದಿತ್ತು, ಕೊಳವೆ ಇಲ್ಲೇ ಬಿದ್ದಿತು. ನಾಳೆ ಕೋರ್ಟಿನಲ್ಲಿ ಇದನ್ನು ಮೇಜಿನ ಮೇಲಿಟ್ಟರೆ ಬೂದೆಪ್ಪ ಸಂಜೆಗೆ ಕುರಿಹಟ್ಟಿಯಲ್ಲಿರುತ್ತಾನೆ.

ಖಾಜಾ ಮುಚ್ಚಳದ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದ. ಒರೆಸಿದ ಕೈ ಅಲ್ಲಿಯೇ ನಿಂತಿತು.

“ಸಾಬ್.”

ಮುಚ್ಚಳದ ಸುತ್ತ ಹಸಿರು ಅರಗು.

ಹಸಿರು ಅರಗು ಈ ಹೊಂಡದ ದಂಡೆಯಲ್ಲಿ ಕಾಯಿಸಿದ್ದಲ್ಲ. ಅಂದ್ರೂನ್ ಕಿಲ್ಲಾದ ಅಂಗಳದ ಕೆಂಡದಲ್ಲಿ ಕಾಯಿಸಿದ್ದು. ಈ ಕೊಳವೆ ಇಲ್ಲಿಂದ ಬಸ್ಸಿನಲ್ಲಿ ರಾಯಚೂರಿಗೆ ಹೋಗಿತ್ತು. ಅಲ್ಲಿ ಮುಚ್ಚಿಸಿಕೊಂಡು, ಯಾರದೋ ಕೈಯಲ್ಲಿ ಮತ್ತೆ ಇಲ್ಲಿಗೇ ಬಂದು, ಕೆಸರಿನಲ್ಲಿ ಮುಳುಗಿತ್ತು.

ದಂಡೆಯ ಮೇಲೆ ಪಂಚರನ್ನು ಕೂರಿಸಿ ಪಂಚನಾಮೆ ಬರೆಯಲು ಹಚ್ಚಿದ. ಖಾಜಾನ ಅಕ್ಷರ ಚೆನ್ನ. ಬರೆಯುತ್ತ ಬರೆಯುತ್ತ ಅವನು ಪೆನ್ನು ನಿಲ್ಲಿಸಿ ದಖನಿಯಲ್ಲಿ ಪಿಸುಗುಟ್ಟಿದ. “ಸಾಬ್, ರಂಗ್ ನಕ್ಕೋ. ಬಣ್ಣ ಬ್ಯಾಡ, ಮುಚ್ಚಳ ಅಂತ ಅಷ್ಟೇ ಬರೀತೀನಿ. ಆ ತಾಯಿಗೆ ಉಳಿದಿದ್ದು ಒಬ್ಬಳೇ.”

ಸೈಫುದ್ದೀನ್ ಹೊಂಡ ನೋಡುತ್ತ ನಿಂತ. ಬಣ್ಣ ಬಿಟ್ಟರೆ ಈ ಕೊಳವೆ ಗಡಿಗೆಪ್ಪನ ಕುತ್ತಿಗೆಗೆ ಸರಿಯಾಗಿ ಕೂರುತ್ತದೆ. ಮೂರು ಕೂಸುಗಳ ಸಾವು ಅವನ ಮೇಲಿದೆ. ಇನ್ನೊಂದು ಬಿದ್ದರೆ ಅಳುವವರು ಯಾರೂ ಇಲ್ಲ. ಬೂದೆಪ್ಪ ಬಿಡುಗಡೆ. ಎಲ್ಲರಿಗೂ ಸಮಾಧಾನ.

ಒಂಬತ್ತು ದಿನದ ಹಿಂದೆ ಹತ್ತು ಜನರ ಮಾತು ಕೇಳಿ ಒಬ್ಬನ ಬಾಯಿ ಮುಚ್ಚಿಸಿದ್ದ. ಅದೂ ಸರಿಯಾಗಿಯೇ ಕೂತಿತ್ತು.

“ಬರಿ” ಎಂದ. “ಹಸಿರು ಅರಗು. ಎರಡೂ ಬದಿಗೆ. ಬರಿ.”

ಪೆನ್ನು ಮೆಲ್ಲಗೆ ಓಡಿತು. ಬಂಡೆಮ್ಮ ಎದ್ದು ಬಂದು ಕೊಳವೆಯನ್ನು ನೋಡಿದಳು. ಕಣ್ಣು ಕಿರಿದು ಮಾಡಿದಳು.

“ಈ ಬಣ್ಣದ ಬಳಿ ಹಾಕ್ಕೊಂಡಿದ್ಲು ಯಪ್ಪಾ ಆ ಹುಡುಗಿ. ಎರಡೂ ಕೈ ತುಂಬ. ಬುರ್ಖಾದಾಗ ಇಂಥಾದ್ದೇ ಏನೋ ಉದ್ದಂದು ಸುತ್ತಿಕೊಂಡು ಬಸ್ಸಿಳಿದು ಬಂದಿದ್ಲು. ಹೆಬ್ಬೊಟ್ಟು ಸುಟ್ಕೊಂಡಿದ್ಲು. ನಾನೇ ಸುಣ್ಣದ ತಿಳಿ ಹಚ್ಚಿ ಕಳಿಸಿದೆ. ಈ ದಂಡಿಗೆ ಕುಂತು ಒಂದೊಂದೇ ಬಳಿ ಕಲ್ಲಿಗೆ ಬಡದು ಒಡಕೊಂಡ್ಲು. ಯಾಕವ್ವಾ ಅಂತ ಕೇಳಿದ್ರ, ನಮ್ಮಣ್ಣ ಹೋದ ಅಂದ್ಲು.”

“ಯಾವತ್ತು?” ಸೈಫುದ್ದೀನ್ ಅವಳ ಕಡೆ ತಿರುಗಿದ. “ಸರಿಯಾಗಿ ನೆನಪು ಮಾಡಿ ಹೇಳು ಯವ್ವಾ. ಹೆಣ ಸಿಕ್ಕದ ಅಂತ ಸುದ್ದಿ ಬಂದ ಮ್ಯಾಲ?”

“ಸುದ್ದಿ ನಮಗ ಶುಕ್ರವಾರ ಸಂಜಿಗೆ ಬಂತು, ಯಪ್ಪಾ” ಎಂದಳು ಬಂಡೆಮ್ಮ. “ಆಕಿ ಅತ್ತಿದ್ದು ಗುರುವಾರ ಮಧ್ಯಾಹ್ನ.”